ಮುಳ್ಳು, ನೀರು, ಹಂದಿ: ಕೋಟಿ-ಚೆನ್ನಯ ಪಾಡ್ದನದಲ್ಲಿ ನಿಸರ್ಗದ ಋಣ

೧

ತುಳುನಾಡಿನ ಮೌಖಿಕ ಸಾಹಿತ್ಯದಲ್ಲಿ ಕೋಟಿ-ಚೆನ್ನಯರ ಪಾಡ್ದನಕ್ಕಿರುವ ಸ್ಥಾನ ವಿದ್ವಾಂಸರಿಗೆ ಹೊಸತಾಗಿ ತಿಳಿಸಬೇಕಾದುದಲ್ಲ. ನೇಜಿಯ ಗದ್ದೆಯಲ್ಲಿ ಹೆಂಗಸರ ಬಾಯಲ್ಲಿ, ಗರಡಿಯ ನೇಮದಲ್ಲಿ ಕಟ್ಟುಕಟ್ಟಳೆಯ ಅಂಗವಾಗಿ, ತಲೆಮಾರುಗಳಿಂದ ಉಳಿದುಬಂದಿರುವ ಈ ದೀರ್ಘ ಕಥನವು ೧೮೮೬ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಎ. ಮೆನ್ನರ್ ಅವರು ಕನ್ನಡ ಲಿಪಿಯಲ್ಲಿ ಅಚ್ಚುಹಾಕಿಸಿದ ಪಾಡ್ದನ ಸಂಗ್ರಹದ ಕಾಲದಿಂದ ಲಿಖಿತ ಸಾಹಿತ್ಯದ ಕಕ್ಷೆಗೂ ಪ್ರವೇಶಿಸಿತು. ಎ. ಸಿ. ಬರ್ನೆಲ್ ಅವರು ಸಂಗ್ರಹಿಸಿದ್ದ ಸಾಮಗ್ರಿಯು ಅವರ ಮರಣಾನಂತರ, ೧೮೯೪ರಿಂದ ಮೊದಲ್ಗೊಂಡು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯ ಸಂಪುಟಗಳಲ್ಲಿ ಇಂಗ್ಲಿಷಿಗೆ ಇಳಿದು ಬಂದಿತು. ಪಂಜೆ ಮಂಗೇಶರಾಯರು ಕನ್ನಡ ಗದ್ಯದಲ್ಲಿ ಈ ಕಥೆಯನ್ನು ಹೇಳಿದ ಮೇಲೆ ಘಟ್ಟದ ಮೇಲಿನ ಓದುಗರಿಗೂ ಅದು ಪರಿಚಿತವಾಯಿತು.

ಇಷ್ಟು ಪ್ರಸಿದ್ಧವಾದ ಕೃತಿಯ ವಿಷಯದಲ್ಲಿ ಎರಡು ಬಗೆಯ ಓದುಗಳು ರೂಢಿಯಲ್ಲಿವೆ. ಇದು ಅನ್ಯಾಯಕ್ಕೆದುರು ನಿಂತ ಅವಳಿ ವೀರರ ಕಥೆ, ಭೂಮಿಯ ಒಡೆತನ ಮತ್ತು ದುಡಿಮೆಯ ಮಾನಗಳ ನಡುವಣ ಸಂಘರ್ಷದ ಕಥೆ ಎಂಬುದು ಮೊದಲನೆಯದು. ಈ ಓದು ಸರಿಯಾದುದೇ. ಅದನ್ನು ಅಲ್ಲಗಳೆಯಲು ಕಾರಣವಿಲ್ಲ. ತುಳುನಾಡಿನ ಪಾಡ್ದನಗಳೆಲ್ಲ ನಿಸರ್ಗಾರಾಧನೆಯ ಕಾವ್ಯಗಳು, ಮರ, ಹುತ್ತ, ನಾಗ, ಮೃಗಗಳನ್ನು ದೈವವೆಂದು ಕಂಡ ಮುಗ್ಧ ಜನರ ಹಾಡುಗಳು ಎಂಬುದು ಎರಡನೆಯದು. ಪರಿಸರದ ಚಿಂತೆ ಬಲಿಯುತ್ತಿರುವ ಈ ಕಾಲದಲ್ಲಿ ಎರಡನೆಯ ಓದಿಗೆ ಮನ್ನಣೆ ಹೆಚ್ಚುತ್ತಿದೆ. ಆದರೆ ಮೊದಲನೆಯ ಓದಿನಲ್ಲಿ ನೆಲವು ಕೇವಲ ಸೊತ್ತಾಗುತ್ತದೆ. ಎರಡನೆಯದರಲ್ಲಿ ಕೇವಲ ಪೂಜಾವಸ್ತುವಾಗುತ್ತದೆ. ಪಾಡ್ದನವು ನೆಲವನ್ನು ಈ ಎರಡು ರೀತಿಗಳಲ್ಲಿಯೂ ಕಂಡಿಲ್ಲವೆಂಬುದನ್ನು ಅದರ ಕಥಾಸಂವಿಧಾನದಿಂದಲೇ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಕಥೆ ನಡೆಯುವ ನೆಲ ಖಚಿತವಾದುದು. ವೀರರು ಹುಟ್ಟಿ ಬೆಳೆದ ಪಡುಮಲೆ ಪುತ್ತೂರು ತಾಲೂಕಿನ ಬಡಗನ್ನೂರಿನ ಪರಿಸರದಲ್ಲಿದೆ. ಅವರು ಆಶ್ರಯ ಬೇಡಿ ಹೋಗಿ ಮೋಸಕ್ಕೊಳಗಾದ ಪಂಜ ಸುಳ್ಯ ತಾಲೂಕಿನದು. ಅವರಿಗೆ ನೆಲೆ ಕೊಟ್ಟು, ಕೊನೆಗೆ ಅವರ ಸಮಾಧಿಗೂ ಸ್ಥಳವಾದ ಎಣ್ಮೂರು ಮೊದಲು ಸುಳ್ಯಕ್ಕೆ ಸೇರಿದ್ದು, ಈಚೆಗೆ ರಚಿತವಾದ ಕಡಬ ತಾಲೂಕಿಗೆ ಸೇರಿದೆ. ಹಿಂದೆ ಇವೆಲ್ಲವೂ ಒಂದೇ ಪುತ್ತೂರು ತಾಲೂಕಿನ ಭಾಗಗಳು. ಪುಷ್ಪಗಿರಿಯ ಶ್ರೇಣಿಯಿಂದಿಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ಕುಮಾರಧಾರೆ ಈ ಸೀಮೆಯ ಮುಖ್ಯ ಹೊಳೆ. ಗುಡ್ಡದ ಮೇಲೆ ಕಾಡು, ಗುಡ್ಡದ ಬುಡದಲ್ಲಿ ತೋಟ, ತಗ್ಗಿನಲ್ಲಿ ಬೈಲುಗದ್ದೆ, ನಡುವೆ ತೋಡು: ಇದು ಇಲ್ಲಿಯ ಭೂವಿನ್ಯಾಸ. ಇಲ್ಲಿ ಮೇಲಿನವನು ಮಾಡಿದುದು ಕೆಳಗಿನವನಿಗೆ ತಟ್ಟದೆ ಇರುವಂತಿಲ್ಲ. ಪಾಡ್ದನದ ನೀತಿಯೂ ಈ ಇಳಿಜಾರಿನಲ್ಲಿ ಹುಟ್ಟಿದುದೇ ಆಗಿದೆ.

ಪಡುಮಲೆ, ಪಂಜ, ಎಣ್ಮೂರುಗಳನ್ನು ಆಳಿದ ಬಲ್ಲಾಳರನ್ನು ಜೈನ ಮನೆತನದವರೆಂದು ಪರಂಪರೆ ಗುರುತಿಸುತ್ತದೆ. ಪಾಡ್ದನದಲ್ಲಿ ಬರುವ ಬೆರ್ಮೆರಿಗೂ ಜೈನರ ಬ್ರಹ್ಮಯಕ್ಷನಿಗೂ ಸಂಬಂಧವನ್ನು ಊಹಿಸಿದ ವಿದ್ವಾಂಸರೂ ಇದ್ದಾರೆ. ಅದು ಪ್ರತ್ಯೇಕ ವಿವೇಚನೆಗೆ ತಕ್ಕ ವಿಷಯ. ಜೈನ ಅರಸರ ನೆರಳಿನಲ್ಲಿ ಬಾಳಿದ ಜನರ ಹಾಡನ್ನು ಜೈನ ಶ್ರಾವಕಾಚಾರದ ಬೆಳಕಿನಲ್ಲಿ ನೋಡುವುದು ಅಸಂಗತವಾಗದು ಎಂಬಷ್ಟೇ ಇಲ್ಲಿಗೆ ಸಾಕು.

೩

ಪಾಡ್ದನದ ಪಾಠಭೇದಗಳು ಹಲವು. ಹೆಸರುಗಳಲ್ಲಿ, ಘಟನೆಗಳ ಕ್ರಮದಲ್ಲಿ, ಸಾವಿನ ವಿವರಗಳಲ್ಲಿ ವ್ಯತ್ಯಾಸಗಳಿವೆ. ಆದರೆ ಪ್ರಸಿದ್ಧ ಪಾಠಗಳಲ್ಲಿ ಮೂರು ಪ್ರಸಂಗಗಳು ಕಥೆಯ ಕೀಲುಗಳಾಗಿ ನಿಂತಿವೆ. ಒಂದು, ಪೆರುಮಾಳು ಬಲ್ಲಾಳನ ಕಾಲಿಗೆ ಚುಚ್ಚಿದ ಮುಳ್ಳು. ಎರಡು, ಮಂತ್ರಿ ಬುದ್ಯಂತನೊಡನೆ ಗದ್ದೆಯ ನೀರಿಗಾಗಿ ನಡೆದ ಜಗಳ. ಮೂರು, ಪಂಜ-ಎಣ್ಮೂರುಗಳ ನಡುವೆ ಯುದ್ಧಕ್ಕೆ ಕಾರಣವಾದ ಕಾಡುಹಂದಿ. ಕಾಡು, ನೀರು, ಮೃಗ ಎಂಬ ಈ ಮೂರರ ಮೂಲಕವೇ ಕಥೆ ತಿರುವು ಪಡೆಯುತ್ತದೆ ಎಂಬುದು ಗಮನಿಸತಕ್ಕ ಅಂಶ. ಇವು ಹಿನ್ನೆಲೆಯ ವರ್ಣನೆಗಳಲ್ಲ. ಇವುಗಳಲ್ಲಿ ಒಂದನ್ನು ತೆಗೆದರೂ ಕಥೆ ಮುಂದೆ ನಡೆಯದು.

ಮೊದಲನೆಯ ಪ್ರಸಂಗವನ್ನು ನೋಡಬೇಕು. ಬೇಟೆಗೆ ಹೋದ ಬಲ್ಲಾಳನ ಕಾಲಿಗೆ ಮುಳ್ಳು ನಾಟುತ್ತದೆ. ಗಾಯ ಬಲಿತು ಪ್ರಾಣಸಂಕಟವಾಗುತ್ತದೆ. ಅರಮನೆಯ ಉಪಚಾರಗಳು ಫಲಿಸದೆ ಹೋದಾಗ ದೇಯಿ ಬೈದೆತಿಯನ್ನು ಕರೆಸುತ್ತಾರೆ. ಈ ದೇಯಿ ಯಾರು? ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿನಲ್ಲಿ ಬಿಡಲ್ಪಟ್ಟ ಹುಡುಗಿ. ಕಳ್ಳು ಇಳಿಸಲು ಬಂದ ಸಾಯನ ಬೈದ್ಯನ ಕಣ್ಣಿಗೆ ಬಿದ್ದು ಅವನ ಆಸರೆಯಲ್ಲಿ ಬಾಳಿದವಳು. ಸಮಾಜ ಕಾಡಿಗೆ ಎಸೆದುದನ್ನು ಕಾಡಿನೊಡನೆ ಬದುಕುವವನು ಎತ್ತಿಕೊಂಡನು. ಹಾಗೆ ಉಳಿದವಳೇ ಕಾಡಿನ ಮದ್ದುಗಳನ್ನು ಬಲ್ಲವಳಾಗಿ, ತುಂಬು ಬಸುರಿಯಾಗಿದ್ದೂ ಬೀಡಿಗೆ ಬಂದು, ಕಾಡು ಮಾಡಿದ ಗಾಯವನ್ನು ಕಾಡಿನ ಬೇರು-ಸೊಪ್ಪುಗಳಿಂದಲೇ ಮಾಯಿಸುತ್ತಾಳೆ. ಬಲ್ಲಾಳನು ಆಕೆಗೆ ಮಾತು ಕೊಡುತ್ತಾನೆ. ಆ ಮಾತು ಆಕೆಯ ಮಕ್ಕಳ ಕಾಲಕ್ಕೆ ಸಲ್ಲದೆ ಹೋಗುತ್ತದೆ.

ಈ ಪ್ರಸಂಗದಲ್ಲಿ ಕಾಡಿನ ಸ್ತುತಿ ಎಲ್ಲಿಯೂ ಬರುವುದಿಲ್ಲ. ಕಾಡು ಅಪಾಯದ ಸ್ಥಳವೂ ಹೌದು, ಔಷಧದ ಭಂಡಾರವೂ ಹೌದು. ಇಲ್ಲಿ ಪವಿತ್ರವೆನಿಸಿದುದು ಕಾಡಲ್ಲ. ಕಾಡಿನಿಂದ ಪಡೆದುದಕ್ಕೆ ಮನುಷ್ಯನು ಆಡಿದ ಮಾತು. ಬಲ್ಲಾಳನು ಮುಂದೆ ಮಾತಿಗೆ ತಪ್ಪಿದಾಗ ಆತ ದೇಯಿಯ ಮಕ್ಕಳಿಗೆ ಮಾತ್ರವೇ ದ್ರೋಹ ಮಾಡುವುದಿಲ್ಲ; ತನ್ನ ಕಾಲನ್ನು ಉಳಿಸಿದ ಬೇರು-ಸೊಪ್ಪುಗಳ ಋಣವನ್ನೂ ತೀರಿಸದೆ ಉಳಿಸಿಕೊಳ್ಳುತ್ತಾನೆ. ಸಾಮಾಜಿಕ ಅನ್ಯಾಯ ಮತ್ತು ನಿಸರ್ಗದ್ರೋಹಗಳು ಪಾಡ್ದನದಲ್ಲಿ ಎರಡು ಪ್ರತ್ಯೇಕ ಸಂಗತಿಗಳಲ್ಲ.

೪

ಎರಡನೆಯ ಪ್ರಸಂಗ ನೀರಿನದು. ವೀರರ ಗದ್ದೆಯೂ ಬುದ್ಯಂತನ ಗದ್ದೆಯೂ ಒಂದಕ್ಕೊಂದು ತಾಗಿಕೊಂಡಿವೆ. ಉಳುಮೆಯ ಕಾಲ, ಬಿತ್ತನೆಯ ಕಾಲ, ಪುಣಿ ಕಡಿದು ನೀರು ಬಿಡುವ ಹಕ್ಕು, ಇವುಗಳ ಬಗೆಗೆ ಮಾತು ಬೆಳೆದು ಬುದ್ಯಂತನ ಕೊಲೆಯಲ್ಲಿ ಮುಗಿಯುತ್ತದೆ. ತುಳುನಾಡಿನ ಬೈಲಿನಲ್ಲಿ ನೀರು ಗದ್ದೆಯಿಂದ ಗದ್ದೆಗೆ ಇಳಿಯುವುದು. ಪುಣಿಯ ಒಂದು ಕಂಡಿಯನ್ನು ಮುಚ್ಚಿದರೆ ಕೆಳಗಿನವನ ನೇಜಿ ಒಣಗುತ್ತದೆ, ಅಕಾಲದಲ್ಲಿ ತೆರೆದರೆ ಅವನ ಬಿತ್ತು ಕೊಚ್ಚಿಹೋಗುತ್ತದೆ. ಆದುದರಿಂದ ಇಲ್ಲಿ ನೀರನ್ನು ಹೇಗೆ ಬಿಡಬೇಕೆಂಬುದು ಒಬ್ಬನ ಇಷ್ಟಕ್ಕೆ ಸೇರಿದುದಲ್ಲ. ಮಳೆಗಾಲ ಕಳೆದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು-ಮಣ್ಣುಗಳ ಕಟ್ಟವನ್ನು ಊರವರು ಕೂಡಿ ಕಟ್ಟುವ ಪದ್ಧತಿಯೂ ಈ ತಿಳುವಳಿಕೆಯಿಂದಲೇ ಹುಟ್ಟಿದುದು. ಕಟ್ಟವು ವರ್ಷವರ್ಷವೂ ಮಳೆಗೆ ಒಡೆಯುತ್ತದೆ, ವರ್ಷವರ್ಷವೂ ಅದನ್ನು ಕೂಡಿಯೇ ಕಟ್ಟಬೇಕಾಗುತ್ತದೆ.

ಬುದ್ಯಂತನ ತಪ್ಪು ಅಧಿಕಾರದ ಮದವೆಂದು ಸಾಮಾನ್ಯವಾಗಿ ವ್ಯಾಖ್ಯಾನಿಸುತ್ತಾರೆ. ಅದು ನಿಜವೇ. ಆದರೆ ಆ ಮದವು ನೀರಿನ ಮೂಲಕ ಪ್ರಕಟವಾಗುವುದೇಕೆ? ಬೈಗುಳದಿಂದಲೋ ತೆರಿಗೆಯಿಂದಲೋ ಪ್ರಕಟವಾಗಬಹುದಿತ್ತು. ನೀರಿನ ನಡೆಯನ್ನು ಕೆಡಿಸುವುದು ಊರಿನ ಬಾಳಿನ ಬೇರಿಗೇ ಪೆಟ್ಟು ಕೊಟ್ಟಂತೆ ಎಂಬುದನ್ನು ಗದ್ದೆಯ ಕೆಸರಿನಲ್ಲಿ ನಿಂತು ಹಾಡುವ ಹೆಂಗಸರು ಬಲ್ಲರು; ಆ ಪ್ರಸಂಗದ ತೂಕವನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಮುದ್ರಿತ ಪುಸ್ತಕದ ಓದುಗನಿಗೆ ಮಾತ್ರ ಅದು ಒಂದು ಸಣ್ಣ ಗದ್ದೆಯ ಸಣ್ಣ ಜಗಳವಾಗಿ ತೋರುತ್ತದೆ.

೫

ಮೂರನೆಯ ಪ್ರಸಂಗ ಎಲ್ಲಕ್ಕಿಂತ ಗಂಭೀರವಾದುದು. ಎಣ್ಮೂರಿನಲ್ಲಿ ದೇವಬಲ್ಲಾಳನ ಆಶ್ರಯ ಪಡೆದ ವೀರರು ನೆಲೆನಿಂತ ಮೇಲೆ ಕಾಡುಹಂದಿಯ ಬೇಟೆ ನಡೆಯುತ್ತದೆ. ಸತ್ತ ಹಂದಿ ತಮ್ಮ ಸೀಮೆಯದೆಂದು ಪಂಜದವರು ಕೇಳುತ್ತಾರೆ, ಎಣ್ಮೂರಿನವರು ಕೊಡುವುದಿಲ್ಲ. ಯುದ್ಧವಾಗುತ್ತದೆ. ಕೋಟಿ ಗಾಯಗೊಂಡು ಸಾಯುತ್ತಾನೆ. ಅಣ್ಣನನ್ನು ಬಿಟ್ಟು ಬಾಳಲಾರದೆ ಚೆನ್ನಯನೂ ಪ್ರಾಣ ಬಿಡುತ್ತಾನೆ. ತುಳುವಿನಲ್ಲಿ ಪಂಜಿ ಎಂದರೆ ಹಂದಿ. ಪಂಜದ ಹೆಸರಿನೊಡನೆ ಈ ಶಬ್ದದ ನಾದಸಾಮ್ಯವು ಕೇಳುವವನ ಕಿವಿಗೆ ತಾಗದೆ ಇರದು.

ಹಂದಿಗೆ ಮನುಷ್ಯನ ಗಡಿ ತಿಳಿಯದು. ಅದು ಒಂದು ಸೀಮೆಯ ಕಾಡಿನಲ್ಲಿ ಹುಟ್ಟಿ ಇನ್ನೊಂದು ಸೀಮೆಯ ಬೆಳೆ ತಿಂದು ಮೂರನೆಯ ಕಡೆ ನೀರು ಕುಡಿಯುತ್ತದೆ. ಯಾರ ಒಡೆತನಕ್ಕೂ ಸೇರದ ಜೀವಿಯೊಂದರ ಹೆಣದ ಮೇಲೆ ಒಡೆತನವನ್ನು ಹೂಡಿ ಎರಡು ಬೀಡುಗಳು ಕಾದಾಡಿ, ಆ ಸೀಮೆಯ ಅತ್ಯುತ್ತಮ ಇಬ್ಬರನ್ನು ಕಳೆದುಕೊಂಡವು. ಪಡುಮಲೆಯಲ್ಲಿ ಋಣ ಮರೆತ ಕಥೆ, ನೀರಿನಲ್ಲಿ ನೆರೆಯನ್ನು ಮರೆತು, ಎಣ್ಮೂರಿನಲ್ಲಿ ಮೇರೆಯ ಅರ್ಥವನ್ನೇ ಮರೆತು ಮುಗಿಯುತ್ತದೆ. ಮೊದಲಿನ ಮುಳ್ಳಿಗೆ ಮದ್ದಿತ್ತು. ಕೊನೆಯ ಬಾಣಕ್ಕೆ ಮದ್ದು ಹಾಕಲು ದೇಯಿ ಇರಲಿಲ್ಲ. ಕಥೆಯ ಆದ್ಯಂತಗಳನ್ನು ಕೂಡಿಸುವ ಈ ರಚನೆಯನ್ನು ಪಾಡ್ದನಕಾರರು ಉದ್ದೇಶಪೂರ್ವಕವಾಗಿ ಮಾಡಿದರೋ, ಹಾಡಿ ಹಾಡಿ ಅದು ತಾನಾಗಿ ಒದಗಿತೋ ಎಂಬ ಪ್ರಶ್ನೆಗಿಂತ, ಅದು ಪಾಠದಲ್ಲಿ ಇದೆಯೆಂಬುದು ಮುಖ್ಯ.

೬

ಇಲ್ಲಿ ಜೈನ ಸಾಹಿತ್ಯದೊಡನೆ ಹೋಲಿಕೆ ಉಪಯುಕ್ತವಾಗುತ್ತದೆ. ಆಚಾರಾಂಗದ ಮೊದಲ ಅಧ್ಯಯನವೇ ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ, ತ್ರಸ ಎಂಬ ಷಡ್ಜೀವನಿಕಾಯಗಳ ವಿಚಾರದಿಂದ ತೊಡಗುತ್ತದೆ. ನೆಲವನ್ನು ಅಗೆಯುವವನು ನಿರ್ಜೀವ ವಸ್ತುವನ್ನು ಮುಟ್ಟುತ್ತಿಲ್ಲವೆಂಬ ಎಚ್ಚರ ಅಲ್ಲಿಯ ಬುನಾದಿ. ಗೃಹಸ್ಥನು ಈ ಎಚ್ಚರವನ್ನು ಪೂರ್ಣವಾಗಿ ಪಾಲಿಸಲಾರನು. ಆದುದರಿಂದ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಹೇಳುವಾಗ ಪ್ರಮಾದಚರ್ಯೆ ಎಂಬ ಒಂದನ್ನು ಗುರುತಿಸಲಾಗಿದೆ: ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆದಕುವುದು, ಸುಮ್ಮನೆ ಗಿಡ ಕಡಿಯುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಬಳಕೆಯನ್ನೇ ನಿಷೇಧಿಸದೆ ವ್ಯರ್ಥವಾದ ಬಳಕೆಯನ್ನು ದೋಷವೆಂದ ಈ ವಿವೇಚನೆ ಗೃಹಸ್ಥಧರ್ಮಕ್ಕೆ ಜೈನಾಚಾರ್ಯರು ಕೊಟ್ಟ ಸೂಕ್ಷ್ಮವಾದ ಕಾಣಿಕೆ.

ಜನ್ನನ ಯಶೋಧರ ಚರಿತೆ (೧೨೦೯) ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಆದರೂ ಸಂಕಲ್ಪದ ಹಿಂಸೆಯು ತಾಯಿ-ಮಗನನ್ನು ಜನ್ಮಜನ್ಮಾಂತರಗಳಲ್ಲಿ ಪ್ರಾಣಿಯೋನಿಗಳಿಗೆ ಎಳೆಯಿತು. ಕೊಂದವನು ಕೊಲ್ಲಲ್ಪಡುವ ಪ್ರಾಣಿಯ ಮೈಯೊಳಗೆ ಹೊಕ್ಕು ಅದರ ನೋವನ್ನು ಉಣ್ಣಬೇಕಾಯಿತು. ಪಾಡ್ದನದಲ್ಲಿ ಹಂದಿ ನಿಜವಾದುದು, ಸತ್ತುದು. ಆದರೆ ಅದರ ನೋವಿನ ವಿಚಾರ ಅಲ್ಲಿ ಬರುವುದೇ ಇಲ್ಲ. ಬೇಟೆಯು ಪಾಡ್ದನಕ್ಕೆ ದೋಷವಲ್ಲ. ಇದು ಪಾಡ್ದನದ ಮಿತಿಯೆಂಬುದನ್ನು ಮರೆಮಾಚಬೇಕಾಗಿಲ್ಲ. ತುಳುನಾಡಿನ ಜಾನಪದವನ್ನೆಲ್ಲ ಅಹಿಂಸೆಯ ಕಾವ್ಯವೆಂದು ಹೊಗಳುವವರು ಈ ಪ್ರಸಂಗವನ್ನು ಮರಳಿ ಓದುವುದು ಒಳ್ಳೆಯದು. ಕೆಡ್ಡಸದ ಮೂರು ದಿನ ಭೂಮಿ ಮುಟ್ಟಾಗಿರುವಳೆಂದು ನೆಲವನ್ನು ಅಗೆಯದೆ, ಉಳದೆ, ಹಸಿ ಗಿಡ ಕಡಿಯದೆ, ಕೊನೆಯ ದಿನ ನೆಲಕ್ಕೆ ಎಣ್ಣೆ ಬಿಡುವ ಅದೇ ಜನರಲ್ಲಿ ಕೆಡ್ಡಸದ ಬೇಟೆಯ ಪದ್ಧತಿಯೂ ಇತ್ತು.

ಹೀಗಿದ್ದರೂ ಶಾಸ್ತ್ರದಲ್ಲಿ ದೊರೆಯದ ಒಂದು ಅಂಶ ಪಾಡ್ದನದಲ್ಲಿ ದೊರೆಯುತ್ತದೆ. ವ್ರತವು ವ್ಯಕ್ತಿಯನ್ನು ಕಟ್ಟುತ್ತದೆ. ಕಟ್ಟಳೆಯು ಊರನ್ನು ಕಟ್ಟುತ್ತದೆ. ಪ್ರಮಾದಚರ್ಯೆಯನ್ನು ಬಿಟ್ಟ ಶ್ರಾವಕನೊಬ್ಬನು ತನ್ನ ಅಂಗಳದಲ್ಲಿ ನೀರನ್ನು ವ್ಯರ್ಥ ಮಾಡನು. ಆದರೆ ಬೈಲಿನ ನೀರು ಹತ್ತು ಮನೆಗಳ ಪುಣಿಗಳನ್ನು ದಾಟಿ ಹರಿಯುವುದರಿಂದ ಅದಕ್ಕೆ ಹತ್ತು ಮನೆಗಳು ಕೂಡಿ ಒಪ್ಪಿದ ನಿಯಮ ಬೇಕು. ವ್ರತವಿಲ್ಲದ ಕಟ್ಟಳೆ ಭಯವಾಗಿ ಉಳಿಯುತ್ತದೆ, ಭಯ ಹೋದ ದಿನ ಮುರಿದು ಬೀಳುತ್ತದೆ. ಕಟ್ಟಳೆಯಿಲ್ಲದ ವ್ರತ ಒಬ್ಬನ ಶುದ್ಧಿಯಲ್ಲಿ ಮುಗಿದುಹೋಗುತ್ತದೆ. ನಿಸರ್ಗದೊಡನೆ ಮನುಷ್ಯನ ಪವಿತ್ರ ಸಂಬಂಧವನ್ನು ಮರಳಿ ಕಟ್ಟಬೇಕೆಂಬ ಮಾತು ಇಂದು ಎಲ್ಲ ಮತಗಳಲ್ಲಿಯೂ ಕೇಳಿಬರುತ್ತಿದೆ. ಆ ಮಾತನ್ನು ಪರೀಕ್ಷಿಸಲು ಈ ಎರಡೂ ಒರೆಗಲ್ಲುಗಳು ಅವಶ್ಯಕ.

೭

ಈ ಒರೆಗಲ್ಲುಗಳಿಗೆ ಇಂದಿನ ಸ್ಥಿತಿಯನ್ನು ತಿಕ್ಕಿ ನೋಡಿದರೆ ಸಂತೋಷಕ್ಕೂ ಆತಂಕಕ್ಕೂ ಕಾರಣಗಳು ಕಾಣುತ್ತವೆ. ಪುತ್ತೂರು ತಾಲೂಕಿನ ಮುಡಿಪಿನಡ್ಕದಲ್ಲಿ ಅರಣ್ಯ ಇಲಾಖೆಯು ದೇಯಿ ಬೈದೆತಿಯ ಹೆಸರಿನಲ್ಲಿ ಔಷಧವನವನ್ನು ರೂಪಿಸಿದೆ. ಪಾಡ್ದನದ ವೈದ್ಯೆಯ ನೆನಪನ್ನು ಕಲ್ಲಿನ ಪ್ರತಿಮೆಯಲ್ಲಿ ಮಾತ್ರವಲ್ಲದೆ ಗಿಡಗಳಲ್ಲಿಯೂ ಉಳಿಸುವ ಈ ಯೋಚನೆ ಕಥೆಯ ಮರ್ಮಕ್ಕೆ ಸಮೀಪವಾದುದು. ಆಟಿ ಅಮಾವಾಸ್ಯೆಯ ಮುಂಜಾನೆ ಹಾಲೆಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಕುಡಿಯುವ ಪದ್ಧತಿಯೂ ಈ ಮೂರು ತಾಲೂಕುಗಳ ಮನೆಗಳಲ್ಲಿ ಉಳಿದಿದೆ. ಬೇಕಾದಷ್ಟನ್ನು ಮಾತ್ರ, ಗೊತ್ತಾದ ದಿನ, ಮರಕ್ಕೆ ಆಳವಾದ ಗಾಯವಾಗದಂತೆ ತೆಗೆಯುವ ಈ ಕ್ರಮದಲ್ಲಿ ಶ್ರಾವಕಾಚಾರದ ವಿವೇಕವೂ ಊರಿನ ಕಟ್ಟಳೆಯೂ ಕೂಡಿಕೊಂಡಿವೆ.

ಮತ್ತೊಂದು ಕಡೆ ನಾಗಬನಗಳ ಸ್ಥಿತಿ ಚಿಂತಾಜನಕವಾಗಿದೆ. ಬನವೆಂದರೆ ಮರ, ಬಳ್ಳಿ, ಬೆತ್ತ, ಹುತ್ತ, ತರಗೆಲೆ, ತೇವ ಇವೆಲ್ಲ ಕೂಡಿದ ಒಂದು ಪೂರ್ಣ ಜೀವಲೋಕ. ಕತ್ತಿ ತಾಗಿಸಬಾರದೆಂಬ ಕಟ್ಟಳೆಯೇ ಅದರ ಪ್ರಾಣ. ಇತ್ತೀಚಿನ ದಶಕಗಳಲ್ಲಿ ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಎಷ್ಟೋ ಬನಗಳ ಮರಗಳನ್ನು ಕಡಿದು, ನೆಲಕ್ಕೆ ಸಿಮೆಂಟು ಹಾಕಿ, ನಾಗನ ಕಲ್ಲನ್ನು ಕಾಂಕ್ರೀಟಿನ ಕಟ್ಟೆಯ ಮೇಲೆ ಕೂರಿಸಲಾಗಿದೆ. ಪೂಜೆ ನಿಂತಿಲ್ಲ, ಹೆಚ್ಚಿದೆ. ಪೂಜೆಗೆ ಕಾರಣವಾದ ಬನ ಮಾತ್ರ ಇಲ್ಲವಾಗಿದೆ. ನಿಸರ್ಗಾರಾಧನೆ ಎಂಬ ಓದಿನ ಕೊರತೆ ಇಲ್ಲಿ ಕಣ್ಣಿಗೆ ಕಾಣುವಂತಾಗುತ್ತದೆ: ಆರಾಧನೆಯೊಂದೇ ನಿಸರ್ಗವನ್ನು ಉಳಿಸದು. ಆರಾಧಕನು ತಾನು ಮಿತಿಯೊಂದಕ್ಕೆ ಒಳಪಟ್ಟವನೆಂದು ತಿಳಿದಾಗ ಮಾತ್ರ ಬನ ಬನವಾಗಿ ಉಳಿಯುತ್ತದೆ.

ಪಾಡ್ದನದ ನೆಲೆಯೂ ಕುಗ್ಗುತ್ತಿದೆ. ಪುತ್ತೂರು, ಸುಳ್ಯಗಳ ಬೈಲುಗದ್ದೆಗಳಲ್ಲಿ ಬಹುಪಾಲು ಅಡಕೆತೋಟಗಳಾಗಿವೆ; ಗುಡ್ಡಗಳಲ್ಲಿ ರಬ್ಬರು ಹಬ್ಬಿದೆ. ರೈತನು ತನ್ನ ಸಂಸಾರವನ್ನು ಸಾಕಲು ಮಾಡಿಕೊಂಡ ಬದಲಾವಣೆಯಿದು. ಅದಕ್ಕಾಗಿ ಅವನನ್ನು ದೂರುವುದು ನ್ಯಾಯವಲ್ಲ. ಆದರೆ ನೇಜಿ ನಡುವ ಗದ್ದೆ ಇಲ್ಲದ ಕಡೆ ನೇಜಿಯ ಹಾಡಿಗೆ ಸಂದರ್ಭವಿಲ್ಲ. ಕೊಳವೆಬಾವಿಯ ನೀರಿಗೆ ಪುಣಿಯ ಕಂಡಿಯಿಲ್ಲ. ಬುದ್ಯಂತನ ತಪ್ಪೇನೆಂಬುದು ಆ ತೋಟದ ಮಗುವಿಗೆ ಅರ್ಥವಾಗುವುದು ಕಷ್ಟ. ಆದರೆ ನೆಲದಡಿಯ ನೀರಿಗೂ ಮೇಲಿನವನು, ಕೆಳಗಿನವನು ಉಂಟು. ಒಂದು ಬಾವಿ ಆಳಕ್ಕಿಳಿದಂತೆ ನೆರೆಯ ಬಾವಿ ಬತ್ತುವುದು ಪುಣಿಯ ಕಂಡಿ ಮುಚ್ಚಿದುದಕ್ಕೆ ಸಮಾನವೇ ಸರಿ. ಅದು ಕಣ್ಣಿಗೆ ಕಾಣದಿರುವುದರಿಂದ ಜಗಳವೂ ನಡೆಯದೆ, ನಿಯಮವೂ ಹುಟ್ಟದೆ ಉಳಿದಿದೆ.

೮

ಪಾಠಸಂಶೋಧಕರಿಗೆ ಈ ವಿವೇಚನೆಯಿಂದ ಒಂದು ಕರ್ತವ್ಯ ಒದಗುತ್ತದೆ. ತಾಳೆಗರಿಯ ಹಸ್ತಪ್ರತಿಯನ್ನು ಶೋಧಿಸುವಾಗ ಗರಿಯ ಅಳತೆ, ಲಿಪಿಯ ಕಾಲ, ಲಿಪಿಕಾರನ ಊರು, ಗರಿ ದೊರೆತ ಮನೆ ಇವನ್ನೆಲ್ಲ ದಾಖಲಿಸುವುದು ಶಾಸ್ತ್ರದ ಕ್ರಮ. ಗರಿಯನ್ನು ಕೊಟ್ಟ ಶ್ರೀತಾಳೆಯು ಬಾಳಿನಲ್ಲಿ ಒಂದೇ ಸಲ ಹೂಬಿಟ್ಟು ಕಾಯಾಗಿ ಸಾಯುವ ಮರ. ಆ ಮರದ ಎಲೆಯನ್ನು ಹದಮಾಡಿ, ಅದರ ಮೇಲೆ ಬರೆದು, ತಲೆಮಾರುಗಳ ಕಾಲ ಎಣ್ಣೆ ಸವರಿ ಕಾಪಾಡಿದುದರಿಂದಲೇ ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳು ಲೋಕಕ್ಕೆ ಉಳಿದವು. ಲಿಖಿತ ಪಾಠಕ್ಕೆ ಸಲ್ಲಿಸುವ ಈ ಎಚ್ಚರವನ್ನು ಮೌಖಿಕ ಪಾಠಕ್ಕೂ ಸಲ್ಲಿಸಬೇಕಾಗಿದೆ. ಪಾಡ್ದನವನ್ನು ಬರೆದುಕೊಳ್ಳುವವರು ಹಾಡಿದವರ ಮಾತಿನೊಡನೆ ಗದ್ದೆಗಳ ಹೆಸರು, ತೋಡು-ಕಟ್ಟಗಳ ಹೆಸರು, ಮದ್ದಿನ ಗಿಡಗಳ ತುಳು ಹೆಸರು, ಹಾಡಿನ ಋತು, ಹಾಡು ನಿಂತ ಕಾರಣ ಇವುಗಳನ್ನೂ ಬರೆದುಕೊಳ್ಳಬೇಕು. ಇವು ಪಾಠದ ಹೊರಗಿನ ವಿಷಯಗಳೆಂದು ಬಿಟ್ಟುಬಿಡುವ ಸಂಪಾದಕನು ಬನವನ್ನು ಕಡಿದು ಕಲ್ಲನ್ನು ಮಾತ್ರ ಉಳಿಸಿದವನಿಗೆ ಸಮಾನನಾಗುತ್ತಾನೆ.

ಎಣ್ಮೂರಿನ ಗರಡಿಯಲ್ಲಿ ಇಂದಿಗೂ ಬೈದೆರುಗಳಿಗೆ ಸೇವೆ ಸಲ್ಲುತ್ತಿದೆ. ಅಲ್ಲಿ ಪೂಜೆಗೊಳ್ಳುವವರು ಗೆದ್ದವರಲ್ಲ; ತೀರದ ಋಣ, ಕೆಟ್ಟ ನೀರು, ಯಾರದೂ ಅಲ್ಲದ ಮೃಗದ ಮೇಲಣ ಹಟ ಇವುಗಳ ನಡುವೆ ಸಿಲುಕಿ ಪ್ರಾಣ ತೆತ್ತವರು. ಅವರನ್ನು ದೈವವೆಂದು ನೆನೆಯುವ ಜನಸಮುದಾಯವು ಪ್ರತಿವರ್ಷವೂ ತನ್ನ ಸೀಮೆಯ ಹಳೆಯ ತಪ್ಪನ್ನೇ ನೆನೆಯುತ್ತದೆ. ಆ ನೆನಪನ್ನು ಪುಣಿಯ ಕಂಡಿಗೂ ಬನದ ಮೇರೆಗೂ ಕೊಳವೆಬಾವಿಯ ಆಳಕ್ಕೂ ಅನ್ವಯಿಸಿಕೊಳ್ಳುವುದು ಪಾಡ್ದನದ ಆಶಯಕ್ಕೆ ವಿರುದ್ಧವಾಗದು.